ಇದ್ದ ಹಾಗೆ

ತೊಕ್ಕೊಟ್ಟಿನ ತಿರುವಿನಲ್ಲಿ ಒಂದು ದನ.
ವಾಮನಣ್ಣ ಬ್ರೇಕಿಗೆ ಕಾಲಿಟ್ಟದ್ದು ಅದಕ್ಕೆ.
ದನ ದಾಟಿತು, ಬಾಲ ಕೂಡ ಬೀಸದೆ.
ಚಿಲ್ಲರೆ ಎಣಿಸುತ್ತಿದ್ದವ ನಾನು
ಬಾಗಿಲ ಬಳಿಯ ಕಬ್ಬಿಣದ ಕಂಬಕ್ಕೆ
ಮುಖ ಕೊಟ್ಟೆ.

ಶಬ್ದ ಸಣ್ಣದು,
ಪಕ್ಕದ ಮನೆಯಲ್ಲಿ ಹಪ್ಪಳ ಮುರಿದ ಹಾಗೆ.
ಆಮೇಲೆ ಟಿಕೆಟ್ ಮೆಷಿನ್ನಿನ ಮೇಲೆ ಟಪ ಟಪ,
ತಲಪಾಡಿಯ ಟಿಕೆಟ್ ಒಂದು ಕೆಂಪಗೆ ಹೊರಬಂತು.

"ತಲೆ ಮೇಲೆತ್ತು" ಎಂದಿತು ಅರ್ಧ ಬಸ್ಸು,
"ಬಗ್ಗಿಸು" ಎಂದಿತು ಇನ್ನರ್ಧ.
ಹಿಂದಿನ ಸೀಟಿನ ಜಲಜಕ್ಕ ಮಾತಾಡಲಿಲ್ಲ,
ಬಂಗುಡೆಯ ಬುಟ್ಟಿಯಿಂದ ಒಂದು ಹಿಡಿ ಮಂಜುಗಡ್ಡೆ
ಸೆರಗಿನಲ್ಲಿ ಸುತ್ತಿ ಒತ್ತಿ ಹಿಡಿದಳು.
ದಿನಾ ಆ ಬುಟ್ಟಿ ಹತ್ತುವಾಗ
ಮೂಗು ಮುರಿಯುತ್ತಿದ್ದವ ನಾನೇ.
ಮುರಿದೂ ಮುರಿದೂ ಮುರಿಯಿತು ನೋಡು
ಎಂದು ಅವಳು ಅನ್ನಲಿಲ್ಲ.
ನಾನೇ ಅಂದುಕೊಂಡೆ.

ವೆನ್ಲಾಕಿನ ಡಾಕ್ಟರಮ್ಮ, ಗ್ರೆಟ್ಟಾ ಪಾಯಸ್,
ನನ್ನ ಮಗಳಿಗಿಂತ ತುಸು ದೊಡ್ಡವಳಿರಬೇಕು.
ಟಾರ್ಚು ಬಿಟ್ಟು ಒಳಗೆ ನೋಡಿದಳು.
"ಬಾವು ಇಳಿಯಲಿ, ಐದು ದಿನ ಬಿಟ್ಟು ಬನ್ನಿ.
ಬರುವಾಗ ಹಳೆಯ ಫೋಟೋ ಒಂದು ತನ್ನಿ."
ಫೋಟೋ ಯಾಕೆ?
"ಮೂಗು ಎಲ್ಲಿತ್ತು ಅಂತ ನನಗೆ ಗೊತ್ತಾಗಬೇಡವಾ?"

ಕಣ್ಣ ಕೆಳಗೆ ಮೊದಲು ನೇರಳೆ,
ಆಮೇಲೆ ಮಾವಿನಕಾಯಿ, ಆಮೇಲೆ ಅರಸಿನ.
ಎರಡು ದಿಂಬು ಪೇರಿಸಿ ಕೂತ ಹಾಗೇ ಮಲಗಿದೆ.
ಬಾಯಲ್ಲಿ ಉಸಿರು, ಬಾಯಲ್ಲೇ ಗಂಜಿ;
ಇರುವುದೊಂದೇ ಬಾಗಿಲು,
ಹತ್ತುವವರೂ ಇಳಿಯುವವರೂ ಅಲ್ಲೇ ತಳ್ಳಾಟ.

ಫೋಟೋ ಹುಡುಕಿದೆವು.
ಬ್ಯಾಡ್ಜಿನ ಪುಸ್ತಕದಲ್ಲಿ ಮೂಗಿನ ಮೇಲೆಯೇ ಸರಕಾರದ ಮೊಹರು.
ಸಿಕ್ಕಿದ್ದು ಮದುವೆಯದ್ದು:
ಪೇಟ, ಬೆವರು, ನಡುವೆ ಎಲ್ಲೋ ನಾನು.
ಡಾಕ್ಟರಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು
"ಇದು ಮೊದಲೇ ಬಲಕ್ಕೆ ವಾಲಿದೆಯಲ್ಲ" ಎಂದಳು.

ನಲವತ್ತೇಳು ವರ್ಷ ಕನ್ನಡಿ ನೋಡಿದವ ನಾನು.
ಯಾವ ಮರ, ಯಾವ ಹೊಳೆಬದಿಯ ಜಗಳ, ನೆನಪಿಲ್ಲ.
ಸುಗಂಧಿಯ ಕಡೆ ತಿರುಗಿದೆ.
"ನನಗೆ ಗೊತ್ತಿತ್ತು. ಹೆಣ್ಣು ನೋಡಲು ಬಂದ ದಿನವೇ."
ಇಪ್ಪತ್ತೆರಡು ವರ್ಷ ಬಾಯಿ ಬಿಟ್ಟಿಲ್ಲ, ಮಾರಾಯ್ರೆ.
"ನೇರ ಮಾಡಲಾ, ಇದ್ದ ಹಾಗೆ ಮಾಡಲಾ?"
ಕೇಳಿದ್ದು ನನ್ನನ್ನು.
ಹೇಳಿದ್ದು ಅವಳು.

ಜೋಮು ಹಿಡಿಸುವ ಮದ್ದು, ಒಂದು ಚಪ್ಪಟೆ ಸಲಾಕೆ,
ವಾಮನಣ್ಣ ಗೇರು ಬದಲಿಸಿದ ಹಾಗೆ ಒಂದು ಕಟಕ್.
ಹೊಳ್ಳೆಗಳಿಗೆ ಬಟ್ಟೆ ತುರುಕಿ ಮೇಲೆ ಪ್ಲಾಸ್ಟರು.
ಎರಡು ದಿನದ ಮೇಲೆ ಆ ಬಟ್ಟೆ ಎಳೆದಾಗ
ಬಂತು, ಬಂತು, ಬರುತ್ತಲೇ ಇತ್ತು,
ತಲೆಯೊಳಗೆ ಲಾಂಡ್ರಿ ಇಟ್ಟವನ ಹಾಗೆ.

"ಸಿಂಬಳ ಸೀಟಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ.
ಮೂರು ವಾರ ವಿಸಿಲ್ ಊದಬೇಡಿ."

ದಿನದ ಲೆಕ್ಕದ ಸಂಬಳ. ಎರಡನೆಯ ವಾರಕ್ಕೇ ಬಸ್ಸು ಹತ್ತಿದೆ.
ವಿಸಿಲ್ ಜೇಬಿನಲ್ಲಿ, ಕೈಯಲ್ಲಿ ಐದರ ನಾಣ್ಯ:
ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಪೋಯಿ.
ಅದೇ ಕಂಬ.
ಸ್ವಲ್ಪ ಜೋರಾಗಿಯೇ ಬಡಿದೆ.

ವಾಸನೆ ಮಾತ್ರ ಬರಲಿಲ್ಲ ಬಹಳ ದಿನ.
ನೇತ್ರಾವತಿಯ ಸೇತುವೆ ಬರೀ ಗಾಳಿ,
ಸುಗಂಧಿಯ ಒಗ್ಗರಣೆ ಬರೀ ಸದ್ದು,
ಜಲಜಕ್ಕನ ಬುಟ್ಟಿ ಬರೀ ಬುಟ್ಟಿ.
"ಏನು ನಾತ ಕಂಡಕ್ಟ್ರೆ" ಎಂದ ಪ್ಯಾಂಟಿನವನಿಗೆ
"ನನಗೆ ಬರುವುದಿಲ್ಲ" ಎಂದೆ. ಸತ್ಯವೇ.

ನಿನ್ನೆ ಕಲ್ಲಾಪು ದಾಟುವಾಗ
ಎಡಹೊಳ್ಳೆಗೆ ಏನೋ ತಾಗಿತು.
ಮಲ್ಲಿಗೆಯಲ್ಲ, ಮೀನೂ ಅಲ್ಲ.
ಹತ್ತು ರೂಪಾಯಿಯ ನೋಟು,
ಬೆಳಗಿನಿಂದ ಒಂದು ಪುಟ್ಟ ಮುಷ್ಟಿಯಲ್ಲಿ ಬೆವರಿದ್ದು.
ಮೂಗಿಗೆ ಹಿಡಿದೆ.
ಯೂನಿಫಾರ್ಮಿನ ಹುಡುಗಿ ಹೆದರಿದಳು:
"ಖೋಟಾ ಅಲ್ಲ ಅಂಕಲ್, ಅಮ್ಮ ಕೊಟ್ಟದ್ದು."

ಅಸಲಿಯೇ ಮಗಾ, ಎಂದೆ,
ಇನ್ನೊಮ್ಮೆ ಮೂಸಿ.