ಸಂದಿನೊಳಗಿನ ಸದ್ದು

ಮೊದಲು ಅಂದುಕೊಂಡೆ, ಇಲಿ.
ಆಮೇಲೆ, ಡ್ಯಾಶ್‌ಬೋರ್ಡಿನೊಳಗೆ ಯಾರೋ ಕೂತು
ಅಡಕೆ ಕತ್ತರಿಸುತ್ತಿದ್ದಾರೆ ಎಂದು.
ಕಿರ್ರ್, ಕಿಟಕ್. ಮತ್ತೆ ಅರ್ಧ ಫರ್ಲಾಂಗು ಏನೂ ಇಲ್ಲ.
ಹೋಯಿತು ಪೀಡೆ ಅನ್ನುವಷ್ಟರಲ್ಲಿ
ಕಿಟಕ್.

ಹುಬ್ಬಳ್ಳಿಯ ಕಂಪನಿ ಸರ್ವಿಸಿನವರು
ಎರಡು ದಿನ ಇಟ್ಟುಕೊಂಡು, ತೊಳೆದು ಕೊಟ್ಟರು.
"ಮೇಡಂ, ನಮಗೇನೂ ಕೇಳಿಸಲಿಲ್ಲ."
ಟೈ ಕಟ್ಟಿದ ಹುಡುಗ, ಒಂದು ಕಿವಿಯಲ್ಲಿ ಇಯರ್‌ಫೋನು.

ಅಪ್ಪ ಇದ್ದಿದ್ದರೆ ನಗುತ್ತಿದ್ದ.
ಬೆಟಗೇರಿಯ ನಮ್ಮ ಪಡಸಾಲೆಯಲ್ಲಿ ಎರಡು ಮಗ್ಗ,
ಲಾಳಿಯ ಲಟಪಟಕ್ಕೇ ನನ್ನ ತೊಟ್ಟಿಲು ತೂಗಿದ್ದು;
ಮಗ್ಗ ನಿಂತರೆ ಎಚ್ಚೆತ್ತು ಅಳುತ್ತಿದ್ದೆನಂತೆ.
ಆದರೆ ಅದಕ್ಕೊಂದು ಲೆಕ್ಕವಿತ್ತು, ಅಪ್ಪಾ,
ಸಂಜೆಗೆ ಒಂದು ಮೊಳ ಸೀರೆಯಾದರೂ ಇರುತ್ತಿತ್ತು.
ಈ ಕಿಟಕ್ಕಿನಿಂದ
ಒಂದು ಕರವಸ್ತ್ರವೂ ಹುಟ್ಟುವುದಿಲ್ಲ.

ಗದಗಿನ ಮುಳಗುಂದ ನಾಕಾದ ಹತ್ತಿರ
ಮಕ್ತುಮಸಾಬ ನದಾಫನ ಅಂಗಡಿ.
ಬೋರ್ಡಿನಲ್ಲಿ ಗಾದಿ, ಸೋಫಾ, ಕಾರಿನ 'ಕುಶಾನ್'.
ಸದ್ದಿನ ವಿಷಯ ಬೋರ್ಡಿನಲ್ಲಿಲ್ಲ,
ನಮ್ಮ ಆಫೀಸಿನ ಡ್ರೈವರ ಹೇಳಿದ್ದು.
ನನ್ನ ಕಥೆ ಪೂರ್ತಿ ಕೇಳಲಿಲ್ಲ ಅವನು.
ಡಿಕ್ಕಿ ಖಾಲಿ ಮಾಡಿಸಿದ:
ಜಾಕು, ಪಾನಾ, ಮುರಿದ ಛತ್ರಿ,
ಲಸಿಕೆಯ ಡಬ್ಬಿ, ಕೂಸು ತೂಗುವ ತಕ್ಕಡಿ,
ಯಾವಾಗಲೋ ಚೀಲದಿಂದ ಉರುಳಿದ ತೆಂಗಿನಕಾಯಿ.
"ಅರ್ಧಾ ಸದ್ದ ಇಲ್ಲೇ ಹೋತ ತಗೋರಿ," ಅಂದ, ನಗದೆ.

ಆಮೇಲೆ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿ,
ಬಾಗಿಲಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ:
"ಹುಲಕೋಟಿ ಕಡೆ ನಡೀರಿ. ನಲವತ್ತರ ಮ್ಯಾಲೆ ಬ್ಯಾಡ.
ಏಸಿ ಬಂದ್, ರೇಡಿಯೋ ಬಂದ್.
ಬಳಿ ತಗದಿಡ್ರಿ ಅಕ್ಕಾರ. ಮಾತೂ ಬ್ಯಾಡ."

ಬಳೆ ತೆಗೆದು ಮಡಿಲಿಗಿಟ್ಟೆ.
ಇಷ್ಟು ಸುಮ್ಮನೆ ಯಾರ ಜೊತೆಗೂ
ಎಷ್ಟೋ ವರ್ಷ ಕೂತಿರಲಿಲ್ಲ ನಾನು.
ಎರಡೂ ಕಡೆ ಎರೆಹೊಲ,
ಕನ್ನಡಿಯೊಳಗೆ ಕಪ್ಪತಗುಡ್ಡದ ಅಂಚು ಅದುರುತ್ತ ಹಿಂದಾಯಿತು.

ಕಿಟಕ್.
"ಇದು ಬೆಲ್ಟಿನ ಬಕ್ಕಲ್. ಸೀಟಿಗೆ ಬಡೀತೈತಿ."
ಕಿರ್ರ್.
"ಮುಂದ, ಗಾಜಿನ ಬುಡಕ್ಕ. ಪ್ಲಾಸ್ಟಿಕ್ ಪ್ಲಾಸ್ಟಿಕ್ಕಿಗೆ ತಿಕ್ಕತೈತಿ,
ಬಿಸಲಿಗೆ ಉಬ್ಬೇತಿ."
ಗರ್ರ್.
"ಅದು ನನ್ನ ಎದಿ. ಹತ್ತಿ ಧೂಳ.
ಅದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ."

ಬೇವಿನ ನೆರಳಿಗೆ ನಿಲ್ಲಿಸಿದೆ.
ಸ್ಕ್ರೂಡ್ರೈವರು ಮುಟ್ಟಲಿಲ್ಲ ಅವನು, "ಕಬ್ಬಣ ಗೀರತೈತಿ";
ನಯವಾಗಿ ಹೆರೆದ ಬಿದಿರುಪಟ್ಟಿಯಿಂದ
ಕ್ಲಿಪ್ಪುಗಳನ್ನು ಒಂದೊಂದೇ ಎಬ್ಬಿಸಿದ,
ನಿದ್ದೆಯ ಮಕ್ಕಳನ್ನು ಎಬ್ಬಿಸಿದ ಹಾಗೆ.
ಅಂಚಿಗೆ ಕಪ್ಪು ಫೆಲ್ಟಿನ ಪಟ್ಟಿ,
ತಂತಿಯ ಸಿಂಬಿಗೆ ಸ್ಪಂಜು,
ಗ್ಲೋವ್‌ಬಾಕ್ಸಿನ ತುಟಿಗೆ ಸೈಕಲ್ ಟ್ಯೂಬಿನ ಎರಡು ಚೂರು,
ಬಾಗಿಲ ರಬ್ಬರಿಗೆ ಬೆರಳಲ್ಲೇ ಸಿಲಿಕಾನ್.
ಕೊನೆಗೆ, ಯಾವುದೂ ಹಿಡಿಯದ ಒಂದು ಸಂದಿಗೆ
ಅಂಗಿಯ ಜೇಬಿನಿಂದ ಚಿಟಿಕೆ ಹತ್ತಿ.

"ನಮ್ಮಜ್ಜ ಊರೂರ ತಿರಗತಿದ್ದ, ಹೆಗಲ ಮ್ಯಾಲೆ ಪಿಂಜೂ ಬಿಲ್ಲ.
ಓಣಿ ಬಾಯಾಗ ನಿಂತು ಟೊಂಯ್ ಅಂತ ಮೀಟಿದ್ರ
ಎಲ್ಲಾರೂ ಗಾದಿ ಹೊರಗ ತರತಿದ್ರು. ಕೂಗೋದಽ ಬ್ಯಾಡ.
ನನಗ ಬೋರ್ಡ ಬರಸಬೇಕಾತು.
ಅದರಾಗೂ ತಪ್ಪ ಬರದಾನ, ಮಗಾ."

ತಿರುಗಿ ಬರುವಾಗ
ಟೈರು ಡಾಂಬರಿನ ಮೇಲೆ ಹಾಯುವುದು ಕೇಳಿಸಿತು.
ಕಿಟಕಿಯ ಗಾಳಿ ಕೇಳಿಸಿತು.
ಅವನ ಎದೆ ಕೇಳಿಸಿತು, ಪ್ರತಿ ಉಸಿರಿನ ತುದಿಗೆ,
ಎಲ್ಲಿಂದ ಎಂದು ಕೇಳುವ ಅಗತ್ಯವಿಲ್ಲದಂತೆ.
"ಮಂಗಳವಾರ ಜಿಲ್ಲಾ ಆಸ್ಪತ್ರಿಗೆ ಬಾ," ಅಂದೆ,
"ನಾ ಇರತೇನಿ. ಒಂದು ಎಕ್ಸ್‌ರೇ."
"ಬರತೇನ್ರಿ. ಅಲ್ಲೆಲ್ಲಿ ಫೆಲ್ಟ ಹಚ್ಚತೀರಿ?"
ಆಗ ನಕ್ಕ, ಮೊದಲ ಸಲ. ನಗು ಕೆಮ್ಮಿಗೆ ತಿರುಗಿತು.

ಮುನ್ನೂರು ಕೇಳಿದ, ಐವತ್ತು ಬಿಟ್ಟ.
ತೆಂಗಿನಕಾಯಿ ಕೈಗಿತ್ತರೆ ಬೇಡ ಅನ್ನಲಿಲ್ಲ.
ಶಟರ್ ಎಳೆದು, ತನ್ನ ಮೊಪೆಡ್ ಒದ್ದು ಹೊರಟ.
ತಗಡಂಗಡಿಯನ್ನೇ ಬಾಲಕ್ಕೆ ಕಟ್ಟಿಕೊಂಡಂತೆ
ಜಣಜಣ ಜಣಜಣ, ನಾಕಾ ದಾಟಿ,
ತಿರುವಿನಾಚೆಗೂ.

ಗಾಜು ಇಳಿಸಿ, ಕಣ್ಣು ಮುಚ್ಚಿ ಕೂತೆ.
ಮಡಗಾರ್ಡು, ಅಂದುಕೊಂಡೆ. ಸ್ಟ್ಯಾಂಡಿನ ಸ್ಪ್ರಿಂಗು.
ಚೈನ್ ಕವರಿನ ಕೆಳಗಿನ ಬೋಲ್ಟು.