ಇನ್ನೂ ಎಲುಬಾಗದ್ದು

ಹುಬ್ಬಳ್ಳಿಯ ದೊಡ್ಡಾಸ್ಪತ್ರೆ. ಮೊದಲ ರಾತ್ರಿಪಾಳಿಯಲ್ಲೇ
ನಾನೊಂದು ಕೈ ಮುರಿದೆ.
ಕುಂದಗೋಳದ ಹುಡುಗಿ, ನಾಲ್ಕು ವರ್ಷ,
ಟ್ರ್ಯಾಕ್ಟರಿನ ಗಾಲಿಯ ಮೇಲಿಂದ ಜಿಗಿದವಳು.
ಮಣಿಕಟ್ಟಿನ ಹತ್ತಿರ ಕಪ್ಪು ಗೆರೆ, ನೀಟಾಗಿ, ಅಡ್ಡಕ್ಕೆ.
ಬರೆದುಬಿಟ್ಟೆ: ಮುರಿತ.
ಪ್ಲಾಸ್ಟರ್ ಬಿಗಿದರು. ಅವಳು ಅಳಲಿಲ್ಲ, ನೋವಿದ್ದರೆ ತಾನೇ.

ಬೆಳಿಗ್ಗೆ ಹಂಪಿಹೊಳಿ ಮೇಡಂ ಫಿಲ್ಮು ಬೆಳಕಿಗೆ ಹಿಡಿದು
ಚಹಾ ಕೆಳಗಿಟ್ಟರು.
"ಇನ್ನೊಂದ್ ಕೈ ತಗಸಿಯೇನು?"
ತೆಗೆಸಿದೆ. ಅಲ್ಲೂ ಅದೇ ಗೆರೆ, ಅದೇ ಜಾಗ, ಅಷ್ಟೇ ಅಗಲ.
"ಎರಡೂ ಕೈ ಮುರಕೊಂಡು ನಕ್ಕೋತ ಕುಂತಾಳ ನೋಡು.
ಬಿರುಕಲ್ಲವ್ವಾ ಅದು. ಕೂಸು ಅಲ್ಲಿಂದ ಬೆಳೀತದ."

ಆಮೇಲೆ ಕಲಿತೆ, ಗೌಸುಸಾಬನ ಸ್ಟೂಲಿನ ಮೇಲೆ ಕೂತು,
ಮೊಳಕೈಯ ಮಗ್ಗಿ: ಒಂದು, ಮೂರು, ಐದು,
ಏಳು, ಒಂಬತ್ತು, ಹನ್ನೊಂದು,
ವರ್ಷ ಬಿಟ್ಟು ವರ್ಷ ಒಂದೊಂದೇ ಕಾಳು ಬೆಳ್ಳಗೆ ಮೂಡುವ ಕ್ರಮ.
ಐದರದ್ದು ಕಾಣದೆ ಏಳರದ್ದು ಕಂಡರೆ ಹುಡುಕು,
ಕೀಲಿನೊಳಗೆ ಜಾರಿ ಕೂತಿರುತ್ತದೆ,
ಬೈಗುಳಕ್ಕೆ ಹೆದರಿ ಮಂಚದಡಿ ಅವಿತ ಪೋರನ ಹಾಗೆ.

ಹಸಿ ಬೇವಿನ ಕಡ್ಡಿ ಬಗ್ಗಿಸಿ ತೋರಿಸಿದ ಗೌಸುಸಾಬ:
ಒಂದು ಬದಿ ಸೀಳಿತು, ಇನ್ನೊಂದು ಬಾಗಿತು, ತುಂಡಾಗಲಿಲ್ಲ.
"ಮಕ್ಕಳ ಎಲವು ಹಿಂಗ ನೋಡ್ರಿ ಡಾಕ್ಟರ. ನಮ್ದು ಹಪ್ಪಳ."

ಕೆಲವು ಪಾಠ ಯಾರೂ ಬಾಯಿಬಿಟ್ಟು ಹೇಳಲಿಲ್ಲ.
ಆರು ತಿಂಗಳ ಕೂಸು. ಪಕ್ಕೆಲುಬಿನಲ್ಲಿ, ಬೆನ್ನಿನ ಕಡೆ, ಮೂರು ಗಂಟು,
ಒಂದೊಂದು ಒಂದೊಂದು ವಾರದ್ದು.
ಚೀಟಿಯಲ್ಲಿ: ತೊಟ್ಟಿಲಿಂದ ಬಿದ್ದದ್ದು.
ಮೇಡಂ ಫೋನು ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.
ಚಹಾ ಕೆನೆಗಟ್ಟಿತು.

ಕಳೆದ ಮಂಗಳವಾರ ಗದಗ ರಸ್ತೆಯ ಧಾಬಾದಿಂದ
ಪೊಲೀಸರು ಒಬ್ಬನನ್ನು ತಂದರು. ಯಮನೂರ.
ಧಣಿ ಹೇಳಿದ ಲೆಕ್ಕ, ಹದಿನೆಂಟು ತುಂಬಿ ಮೇಲೆ ಮೂರು ತಿಂಗಳು.
ಕೈತುಂಬ ಎಣ್ಣೆ ಸಿಡಿದ ಕಲೆ. ಕಲೆ ಫಿಲ್ಮಿಗೆ ಬರುವುದಿಲ್ಲ.
ಬಂದದ್ದು, ಹೆಬ್ಬೆರಳ ಬುಡದಲ್ಲಿ ಆಗಷ್ಟೇ ಹುಟ್ಟಿದ ಸಾಸಿವೆಯಷ್ಟು ಎಲುಬು,
ಮಣಿಕಟ್ಟಿನಲ್ಲಿ ಆ ಕಪ್ಪು ಗೆರೆ, ಇಡೀ ಅಗಲಕ್ಕೂ ತೆರೆದು,
ಅದರಾಚೆ ಅರ್ಧ ಬೆರಳು ದೂರ ಎರಡು ತೆಳು ಬಿಳಿ ಗೀಟು:
ಜ್ವರಕ್ಕೋ ಹಸಿವಿಗೋ, ಎರಡು ಸಲ
ಬೆಳೆಯುವುದು ನಿಂತು, ಮತ್ತೆ ಶುರುವಾದ ಗುರುತು.

ಪುಸ್ತಕದ ಕೈಗಳ ಪಕ್ಕ ಇಟ್ಟು ನೋಡಿದೆ.
ಆ ಮಕ್ಕಳು ದೂರದೇಶದವರು, ದಿನಾ ಹಾಲು ಕುಡಿದವರು.
ಹಿಂದೆಮುಂದೆ ಒಂದು ವರ್ಷ ಬಿಟ್ಟು ಬರೆದೆ, ಹದಿಮೂರರಿಂದ ಹದಿನೈದು.
ಕೆಳಗೆ ಬೇರೆ ಸಾಲಿನಲ್ಲಿ: ಹದಿನೆಂಟಲ್ಲ.
ಹವಾಲ್ದಾರ ಮಡಚಿ ಜೇಬಿಗಿಟ್ಟ.

ಯಮನೂರ ಪರದೆಯ ಮುಂದಿಂದ ಕದಲಲಿಲ್ಲ.
ಗೆರೆಯ ಮೇಲೆ ಬೆರಳಿಟ್ಟ. "ಇಲ್ಲೆ ಮುರದೈತೇನ್ರಿ ಅಕ್ಕಾರ?"
"ಇಲ್ಲಪಾ. ಅಲ್ಲಿಂದ ನೀ ಇನ್ನೂ ಬೆಳೀತೀ."
"ಎಷ್ಟ?"

ಅದು ಫಿಲ್ಮಿನಲ್ಲಿರಲಿಲ್ಲ.
ಗೌಸುಸಾಬ ಅವನನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ
ನೆತ್ತಿಯ ಮಟ್ಟಕ್ಕೆ ಪೆನ್ಸಿಲಿನಿಂದ
ಒಂದು ಗೀಟು ಎಳೆದ.