ಶೀಘ್ರಲಿಪಿ

ಚೆಲುವರಾಯ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು:
ಅರ್ಥಕ್ಕೆ ಕಿವಿಗೊಟ್ಟೆಯೋ, ಕೈ ಹಿಂದೆ ಬೀಳುತ್ತದೆ.
ಸದ್ದನ್ನು ಮಾತ್ರ ಹಿಡಿ.

ಮಂಡ್ಯದ ಪೇಟೆಬೀದಿಯಲ್ಲೊಂದು ಮಹಡಿ. ಕೆಳಗೆ ಸೈಕಲ್ ಶಾಪು,
ಪಂಪು ಉಸ್ಸೆನ್ನುವ ಲಯಕ್ಕೆ ನಾನು ಗೀಟು ಕಲಿತೆ:
ತೆಳು ಗೀಟು, ದಪ್ಪ ಗೀಟು, ಕೊಂಕು, ಕೊಕ್ಕೆ,
ಸಾಲಿನ ಮೇಲೊಂದು ಚುಕ್ಕೆ.
ನಿಮಿಷಕ್ಕೆ ನೂರಿಪ್ಪತ್ತು ಪದ.
ವಾರ್ತಾ ಇಲಾಖೆಯವರು ಕರೆದು ಕೆಲಸ ಕೊಟ್ಟರು.

ಆಮೇಲೆ ಬಂತು ಗಡಿಯ ಗಲಾಟೆ,
ಅದರ ಬೆನ್ನಿಗೆ ಅಕ್ಕಿಯ ಅಭಾವ,
ಅದರ ಬೆನ್ನಿಗೆ ಇನ್ನೊಂದು.
ಪ್ರತಿಯೊಂದಕ್ಕೂ ಒಂದು ಶಾಮಿಯಾನ,
ವೇದಿಕೆಯ ಎಡಮೂಲೆಗೆ ನನ್ನ ಕಬ್ಬಿಣದ ಕುರ್ಚಿ.

ಮೂರನೆಯ ಭಾಷಣದ ಹೊತ್ತಿಗೆ ಗೊತ್ತಾಯಿತು:
‘ಈ ಸಂಕಷ್ಟದ ಸಮಯದಲ್ಲಿ’ ಅನ್ನುವುದಕ್ಕೆ ಒಂದೇ ಗೀಟು ಸಾಕು.
‘ಕೊನೆಯ ಹನಿ ರಕ್ತ’ಕ್ಕೆ ಒಂದು ಕೊಕ್ಕೆ.
‘ಇತಿಹಾಸ ನಮ್ಮನ್ನು ಕ್ಷಮಿಸುವುದಿಲ್ಲ’
ಮೀನಿನ ಬಾಲದಂಥದ್ದು, ನಾನೇ ಹುಟ್ಟಿಸಿದ್ದು.
ಅವರು ಅಷ್ಟುದ್ದ ಹೇಳಿ ಮುಗಿಸುವಷ್ಟರಲ್ಲಿ
ನಾನು ಪೆನ್ಸಿಲ್ ಹೆರೆದುಕೊಂಡು,
ಸಕ್ಕರೆ ಕಾರ್ಖಾನೆಯ ಹೊಗೆ ಯಾವ ಕಡೆ ವಾಲಿದೆ ನೋಡಿ,
ಮತ್ತೆ ಬಗ್ಗುತ್ತಿದ್ದೆ.

ತೊಡಕು ಕೊಟ್ಟದ್ದು ಒಂದೇ ಪದ: ನಾವು.
ನಮ್ಮ ಮನೆಮಾತು ತೆಲುಗು. ಅಲ್ಲಿ ‘ನಾವು’ ಎರಡು.
ಮನಮು ಅಂದರೆ ನೀನೂ ಸೇರಿ.
ಮೇಮು ಅಂದರೆ ನೀನು ಹೊರಗೆ.
ಮದುವೆಮನೆಗೆ ಹೊರಟ ಅಜ್ಜಿ ಬಾಯಿ ತೆರೆದರೆ ಸಾಕು,
ನನಗೂ ಒಂದು ಎಲೆ ಉಂಟೋ ಇಲ್ಲವೋ ತಿಳಿಯುತ್ತಿತ್ತು.
ಕನ್ನಡದ್ದು ಒಂದೇ, ಬಾಗಿಲಿಲ್ಲದ ಚಾವಡಿ.
‘ನಾವು ಹೊಟ್ಟೆ ಕಟ್ಟಬೇಕು’ ಅಂದರು ನಾಯಕರು.
‘ನಾವು ಗೆದ್ದೇ ಗೆಲ್ಲುತ್ತೇವೆ’ ಅಂದರು, ಅದೇ ಉಸಿರಲ್ಲಿ.
ಎರಡಕ್ಕೂ ಒಂದೇ ಚುಕ್ಕೆ ಇಟ್ಟೆ.
ಮನಸ್ಸಿನೊಳಗೆ ಮಾತ್ರ
ಒಂದರ ಕೆಳಗೆ ಮನಮು, ಒಂದರ ಕೆಳಗೆ ಮೇಮು.
ಯಾವುದರ ಕೆಳಗೆ ಯಾವುದು?
ಸರ್ಕಾರಿ ನೌಕರ, ಹೇಳುವಂತಿಲ್ಲ.

ಆ ದಿನ, ಮೀನಿನ ಬಾಲ ಬರೆದು ಕಾಯುತ್ತಿದ್ದೆ.
ಕಬ್ಬಿನ ಲಾರಿಯಲ್ಲಿ ಕರೆತಂದ ಜನದ ನಡುವೆ,
ಚಪ್ಪಲಿ ಕಳೆದೀತೆಂದು ಮಡಿಲಲ್ಲಿಟ್ಟುಕೊಂಡು ಕೂತಿದ್ದವಳು
ಎದ್ದು ನಿಂತಳು.
‘ಸೋಮಿ, ನನ್ ಮಗನ್ ಕಾಗ್ದ ನಿಂತು ಎಲ್ಡ್ ತಿಂಗ್ಳಾಯ್ತು.
ಎಲ್ಲವ್ನೆ?’

ನನ್ನ ಹತ್ತಿರ ಅದಕ್ಕೆ ಗೀಟಿರಲಿಲ್ಲ.

ನಾಯಕರು ಕನ್ನಡಕ ತೆಗೆದರು.
ಒಂದು ಗುಟುಕು ನೀರಿನಷ್ಟು ಹೊತ್ತು ಸುಮ್ಮನಿದ್ದು,
‘ತಾಯಿ, ನಿನ್ನ ಮಗ ಇವತ್ತು ನಮ್ಮೆಲ್ಲರ ಮಗ.’
ಚಪ್ಪಾಳೆ. ಶಾಮಿಯಾನದ ಗೂಟ ಅದುರುವಷ್ಟು.
ನಾನೂ ತಟ್ಟಿದೆ, ಪೆನ್ಸಿಲ್ ಬೆರಳ ಸಂದಿಯಲ್ಲೇ ಇತ್ತು.
‘ಎಲ್ರ ಮಗ ಆದ್ರೆ, ಉಡ್ಕೋರ್ ಯಾರು?’
ಅದು ನನ್ನ ಕುರ್ಚಿಯವರೆಗೆ ಬಂತು,
ಮೈಕಿನವರೆಗೆ ಬರಲಿಲ್ಲ.

ಪರದೆಯ ಹಿಂದೆ ಅವರ ಕೈ ನಡುಗುತ್ತಿತ್ತು.
ಎಳನೀರಿನ ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.
‘ಆಕೆ ಹೆಸರು ಬರ್ಕೊಂಡ್ರೇನ್ರಿ? ಯಾವೂರು?’
ನಾಲ್ಕು ಸಾವಿರ ಪದ ನನ್ನ ಹತ್ತಿರ ಇತ್ತು.
ಹೆಸರು ಇರಲಿಲ್ಲ.
ಓಡಿದೆ. ಲಾರಿಗಳು ಹೊರಟುಹೋಗಿದ್ದವು.
ಮೈದಾನದ ತುಂಬ ಕಬ್ಬಿನ ಸಿಪ್ಪೆ, ಕಾಗದದ ಬಾವುಟ,
ಕಡಲೆಕಾಯಿಯವನೊಬ್ಬ ಚಿಲ್ಲರೆ ಎಣಿಸುತ್ತಿದ್ದ.
ವರದಿಯಲ್ಲಿ ಆ ಜಾಗಕ್ಕೆ ಟೈಪಾದದ್ದು:
ದೀರ್ಘ ಕರತಾಡನ.

ಮೊನ್ನೆ ಟ್ರಂಕು ತೆಗೆದೆ.
ನನ್ನ ಗೀಟು ನನಗೇ ಓದಲು ಬರುವುದಿಲ್ಲ,
ಪುಟದ ಮೇಲೆ ಇರುವೆ ಹರಿದ ಹಾಗೆ.
ಮೀನಿನ ಬಾಲ ಗುರುತು ಸಿಗುತ್ತದೆ, ಅಲ್ಲೊಂದು ಇಲ್ಲೊಂದು,
ಲೆಕ್ಕವಿಲ್ಲದಷ್ಟು.
ಒಂದು ಕಡೆ ಮಾತ್ರ ದುಂಡಕ್ಷರ,
ಹಿಂದಿನ ಪುಟಕ್ಕೂ ಮೂಡುವಷ್ಟು ಒತ್ತಿ ಬರೆದದ್ದು,
ಎಲ್ಲವ್ನೆ